ಮಾತಿಲ್ಲದ ಹರಿಶ್ಚಂದ್ರ

ವಾರಾಣಸಿಯ ಗೋದೌಲಿಯಾ ಚೌಕದಿಂದ ದಕ್ಷಿಣಾಭಿಮುಖವಾಗಿ ನಡೆದವನಿಗೆ ಮೊದಲು ಕನ್ನಡ ಯಾತ್ರಿಕರ ಚಿರಪರಿಚಿತ ಆಶ್ರಯವಾದ ಜಂಗಮವಾಡಿ ಮಠವೂ, ಮುಂದೆ ಗಂಗೆಯ ದಡದಲ್ಲಿ ಹರಿಶ್ಚಂದ್ರ ಘಟ್ಟವೂ ಎದುರಾಗುತ್ತವೆ. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಕೇಳಿ ಬೆಳೆದವರಿಗೆ, ರಾಜನು ಕಾವಲು ಕಾದ ವೀರಬಾಹುವಿನ ಆ ಸುಡುಗಾಡು ಪರಸ್ಥಳವೆನಿಸದು. ಭಾರತದ ಮೂಕಚಿತ್ರವು ಪ್ರೇಕ್ಷಕರ ಹೃದಯವನ್ನು ಮೊದಲು ಗೆದ್ದುದು ಈ ಕಥೆಯಿಂದಲೇ.

ಪ್ರೇರಣೆ ಮಾತ್ರ ಪಶ್ಚಿಮದ್ದು. ಕ್ರಿಸ್ತನ ಜೀವನವನ್ನು ಕುರಿತ ವಿದೇಶೀ ಮೂಕಚಿತ್ರವೊಂದನ್ನು ಮುಂಬಯಿಯಲ್ಲಿ ಕಾಣುತ್ತಿದ್ದ ಧುಂಡಿರಾಜ ಗೋವಿಂದ ಫಾಲ್ಕೆಯವರ ಮನಃಪಟಲದಲ್ಲಿ ರಾಮಕೃಷ್ಣಾದಿಗಳು ಸಂಚರಿಸತೊಡಗಿದರು. ತರುವಾಯ ಲಂಡನ್ನಿಗೆ ಹೋಗಿ ಚಿತ್ರನಿರ್ಮಾಣದ ವಿದ್ಯೆಯನ್ನು ಕಲಿತು ಬಂದು, 1913ರ ಮೇ 3ರಂದು ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಅವರು ತೆರೆಗೆ ತಂದರು. ಸ್ತ್ರೀಯರಾರೂ ಒಪ್ಪದ ಕಾರಣ ರಾಣಿಯಾದವನು ಉಪಾಹಾರಗೃಹದ ಅಡಿಗೆಯವನಾದ ಅಣ್ಣಾ ಸಾಳುಂಕೆ. ಆದರೂ ಆ ರಾಣಿಯ ಪುತ್ರಶೋಕವನ್ನು ಜನ ನಂಬಿದರು.

ನುಡಿಯಿಲ್ಲದ ನಾಟಕಕ್ಕೆ ಈ ಬಲವೆಲ್ಲಿಯದು? ಅಮೆರಿಕದ ನಿರ್ದೇಶಕ ಗ್ರಿಫಿತ್ತರ 1919ರ ‘ಬ್ರೋಕನ್ ಬ್ಲಾಸಮ್ಸ್’ನಲ್ಲಿ, ತಂದೆಯ ಕ್ರೌರ್ಯಕ್ಕೆ ಸಿಲುಕಿದ ಬಾಲೆಯಾಗಿ ಲಿಲಿಯನ್ ಗಿಶ್, ಎರಡು ಬೆರಳುಗಳಿಂದ ತುಟಿಯಂಚುಗಳನ್ನು ಮೇಲಕ್ಕೆತ್ತಿ ನಗೆಯನ್ನು ಬಲಾತ್ಕಾರವಾಗಿ ತಂದುಕೊಳ್ಳುತ್ತಾಳೆ. ನಟಿಯು ಆಡದೆ ಬಿಟ್ಟ ಮಾತನ್ನು ಅಲ್ಲಿ ನೋಡುವವನೇ ತನ್ನೊಳಗೆ ಆಡಿಕೊಳ್ಳಬೇಕು. ಆದ್ದರಿಂದಲೇ ಆ ದುಃಖ ಅವನದೂ ಆಗುತ್ತದೆ. ಇದಕ್ಕೆ ಸಮನಾದುದನ್ನು ವಾಕ್ಚಿತ್ರಗಳಲ್ಲಿ ನಾನು ವಿರಳವಾಗಿ ಕಂಡಿದ್ದೇನೆ.

ಪಾಲುದಾರರೊಡನೆ ವಿರಸವುಂಟಾದಾಗ ಫಾಲ್ಕೆಯವರು ಕುಟುಂಬಸಮೇತರಾಗಿ ಸೇರಿದುದೂ ಕಾಶಿಯನ್ನೇ. ಅಲ್ಲಿ ‘ರಂಗಭೂಮಿ’ ಎಂಬ ಮರಾಠಿ ನಾಟಕವನ್ನು ರಚಿಸಿ, ಕೆಲಕಾಲಾನಂತರ ಮತ್ತೆ ಚಿತ್ರಗಳ ಕಡೆಗೆ ಹೊರಳಿದರು.

1931ರಲ್ಲಿ ‘ಆಲಂ ಆರಾ’ ಮಾತನಾಡಿದೊಡನೆ ಮೂಕಚಿತ್ರಗಳು ಬೆಲೆಗೆಟ್ಟವು. ಅವುಗಳ ನೈಟ್ರೇಟ್ ಸುರುಳಿಗಳು ಕಿಡಿ ತಾಗಿದರೆ ಉರಿದುಹೋಗುವಂಥವು. ತೇವಕ್ಕೂ ಸೆಕೆಗೂ ಕೊಳೆತು ಪುಡಿಯಾಗುವಂಥವು. ಉಳಿದವನ್ನು ಅವುಗಳಲ್ಲಿನ ಬೆಳ್ಳಿಯ ಆಸೆಗಾಗಿ ಕರಗಿಸಿದವರೂ ಉಂಟು. ಸಂಪನ್ನ ಅಮೆರಿಕದಲ್ಲಿಯೇ ಸುಮಾರು 11,000 ಮೂಕ ಕಥಾಚಿತ್ರಗಳ ಪೈಕಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುವು ನೂರಕ್ಕೆ 14. ನಮ್ಮ ‘ರಾಜಾ ಹರಿಶ್ಚಂದ್ರ’ ಭಾಗಶಃ ಉಳಿದಿದೆ, ಅದು ಕೂಡ 1917ರ ಮರುಚಿತ್ರಣದ್ದಿರಬಹುದೆಂದು ವಿದ್ವಾಂಸರ ಶಂಕೆ. ಅಷ್ಟಾದರೂ ಲಭಿಸಿದುದು 1964ರಲ್ಲಿ ಸ್ಥಾಪಿತವಾದ ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಿಂದ, ಅದನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರ ನಿರಂತರ ಶ್ರಮದಿಂದ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಚಿತ್ರಸುರುಳಿ ಇದ್ದರೆ, ದಯವಿಟ್ಟು ಅದನ್ನು ಎಸೆಯಬೇಡಿ, ಬೆಂಕಿಯ ಸಮೀಪಕ್ಕೂ ಒಯ್ಯಬೇಡಿ. ಪುಣೆಯ ಆ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ.