ಒಂದೆಡೆ ಕೂರದ ಮಗು: ಗಮನ ಕೊರತೆಯ ತೊಂದರೆ, ಮಕ್ಕಳಲ್ಲಿ ಮತ್ತು ದೊಡ್ಡವರಲ್ಲಿ

(ಶ್ರೀಮಠದ ಆಸ್ಪತ್ರೆಯಲ್ಲಿ ರೋಗಿಗಳಿಗೂ ಅವರ ಜೊತೆಗೆ ಬಂದ ಬಂಧುಗಳಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಇವತ್ತಿನ ವಿಷಯ ಜ್ವರ, ಕೆಮ್ಮಿನ ಹಾಗೆ ಎಲ್ಲರಿಗೂ ಗೊತ್ತಾಗುವ ಕಾಯಿಲೆಯಲ್ಲ. ಆದರೆ ಹೊರರೋಗಿ ವಿಭಾಗದಲ್ಲಿ ಸರದಿಗೆ ಕಾಯುವಾಗ ನೀವು ಇದನ್ನು ನೋಡಿರುತ್ತೀರಿ. ಒಂದು ಮಗು ಬೆಂಚಿನ ಮೇಲೆ ಹತ್ತುತ್ತದೆ, ಇಳಿಯುತ್ತದೆ, ಪಕ್ಕದವರ ಚೀಟಿ ಎಳೆಯುತ್ತದೆ, ತಾಯಿ ಕೈ ಹಿಡಿದರೆ ಕೊಸರಿಕೊಂಡು ಓಡುತ್ತದೆ. ಸುತ್ತ ಕೂತವರು ಮಗುವನ್ನು ಬಿಟ್ಟು ತಾಯಿಯ ಮುಖ ನೋಡುತ್ತಾರೆ. "ಸ್ವಲ್ಪ ಬುದ್ಧಿ ಕಲಿಸಬಾರದೇನವ್ವಾ" ಎಂದು ಒಬ್ಬರಾದರೂ ಅನ್ನುತ್ತಾರೆ. ಅಂಥ ತಾಯಿ ಒಳಗೆ ಬಂದು ಕೂತಾಗ ಮೊದಲು ಹೇಳುವುದು, "ಎಲ್ಲಾರೂ ನಂದೇ ತಪ್ಪು ಅಂತಾರ್ರೀ ಡಾಕ್ಟರೇ" ಎಂದು. ಆಕೆಗೆ ಹೇಳುವ ಮಾತನ್ನೇ ನಿಮಗೂ ಮೊದಲು ಹೇಳುತ್ತೇನೆ. ತಪ್ಪು ನಿಮ್ಮದಲ್ಲ, ಮಗುವಿನದೂ ಅಲ್ಲ.

ಈ ತೊಂದರೆಗೆ ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಎಂದು ಅದರ ಅರ್ಥ. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಎ.ಡಿ.ಡಿ. ಎಂದು ಕರೆದರು, 1987ರಲ್ಲಿ ಹೆಸರು ಬದಲಾಯಿತು. ಹಳೆಯ ಹೆಸರು ಇನ್ನೂ ಕೆಲವರ ಬಾಯಲ್ಲಿದೆ. "ಇದು ಮೊಬೈಲ್ ಬಂದ ಮೇಲೆ ಬಂದ ರೋಗ" ಎನ್ನುವವರು ಬಹಳ ಜನ. ಹಾಗಲ್ಲ. 1902ರಲ್ಲಿಯೇ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದ್ದರು. ಬುದ್ಧಿ ಸರಿಯಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳು ಇವರು ಎಂದು ಅವರು ಗುರುತಿಸಿದರು. ಆದರೆ ಅದಕ್ಕೆ ನೈತಿಕ ಹತೋಟಿಯ ದೋಷ ಎಂಬ ಹೆಸರಿಟ್ಟರು. ಅಷ್ಟು ದೊಡ್ಡ ವೈದ್ಯರಿಗೇ ಇದು ನಡತೆಯ ದೋಷದಂತೆ ಕಂಡಿತೆಂದ ಮೇಲೆ, ಬೆಂಚಿನ ಮೇಲೆ ಕೂತ ನೆರೆಯವರನ್ನು ದೂರಿ ಏನು ಪ್ರಯೋಜನ!

ಪ್ರಪಂಚದ ಬೇರೆ ಬೇರೆ ದೇಶಗಳ ಲೆಕ್ಕ ಸೇರಿಸಿ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆ ಇರುತ್ತದೆ. ಎಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು.

ಈಗ ಎಲ್ಲ ತಂದೆಯರೂ ಕೇಳುವ ಪ್ರಶ್ನೆಗೆ ಬರೋಣ. "ಮೊಬೈಲ್ ಕೊಟ್ಟರೆ ಎರಡು ತಾಸು ಅಲುಗಾಡದೇ ಕೂರುತ್ತಾನೆ. ಪುಸ್ತಕ ಕೊಟ್ಟರೆ ಎರಡು ನಿಮಿಷ ಕೂರುವುದಿಲ್ಲ. ಇದು ಹಟವಲ್ಲದೆ ಮತ್ತೇನು?" ಪ್ರಶ್ನೆ ನ್ಯಾಯವಾದದ್ದೇ. ನೀವು ಹೊಲದಲ್ಲಿ ನೀರು ಹಾಯಿಸಿದವರು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಒಡ್ಡು ಸಡಿಲವಾಗಿದ್ದರೆ ಬೇಕಾದ ಮಡಿಗೆ ಹೋಗುವುದಿಲ್ಲ, ಇಳಿಜಾರು ಇದ್ದ ಕಡೆಗೇ ಹೋಗುತ್ತದೆ. ಈ ಮಕ್ಕಳಲ್ಲಿ ಗಮನವೆಂಬ ನೀರಿಗೆ ಬರವಿಲ್ಲ, ಅದನ್ನು ತಿರುಗಿಸುವ ಒಡ್ಡು ಸಡಿಲ. ಮೊಬೈಲಿನ ಆಟ ಕ್ಷಣಕ್ಕೊಂದು ಹೊಸ ಬಣ್ಣ, ಹೊಸ ಸದ್ದು, ಹೊಸ ಅಂಕ ಕೊಡುತ್ತದೆ. ಅದು ಇಳಿಜಾರು. ಮಗ್ಗಿ ಬರೆಯುವುದು ಏರು. ಆದ್ದರಿಂದ ಮೊಬೈಲ್ ಮುಂದೆ ಸುಮ್ಮನೆ ಕೂರುತ್ತಾನೆ ಎಂಬುದು ಈ ತೊಂದರೆ ಇಲ್ಲವೆನ್ನಲು ಸಾಕ್ಷಿಯಾಗುವುದಿಲ್ಲ.

ಒಡ್ಡು ಸಡಿಲವೇಕೆ? ಮಿದುಳಿನ ಮುಂಭಾಗವು ನಮ್ಮನ್ನು ತಡೆದು ನಿಲ್ಲಿಸುವ, ಯೋಚಿಸಿ ಮಾಡಿಸುವ ಕೆಲಸ ಮಾಡುತ್ತದೆ. ಡೋಪಮಿನ್, ನಾರ್ ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ ಆ ಕೆಲಸ ನಡೆಯುತ್ತದೆ. ಈ ಮಕ್ಕಳಲ್ಲಿ ಆ ವ್ಯವಸ್ಥೆ ತಡವಾಗಿ ಪಕ್ವವಾಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ನೂರಾರು ಮಕ್ಕಳ ಮಿದುಳನ್ನು ಚಿತ್ರ ತೆಗೆದು ನೋಡಿದಾಗ, ಇತರ ಮಕ್ಕಳಲ್ಲಿ ಏಳೂವರೆ ವರ್ಷದ ಸುಮಾರಿಗೆ ಕಂಡ ಬೆಳವಣಿಗೆ ಇವರಲ್ಲಿ ಹತ್ತೂವರೆ ವರ್ಷದ ಸುಮಾರಿಗೆ ಕಂಡಿತು. ಹತ್ತು ವರ್ಷದ ಹುಡುಗನಿಂದ ಏಳು ವರ್ಷದವನಷ್ಟು ಸಮಾಧಾನವನ್ನು ನಿರೀಕ್ಷಿಸಿದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ. ಇದು ಬಹುಮಟ್ಟಿಗೆ ವಂಶದಲ್ಲಿ ಬರುತ್ತದೆ. ದಿನ ತುಂಬದೆ ಹುಟ್ಟುವುದು, ಹುಟ್ಟಿದಾಗ ತೂಕ ಕಡಿಮೆಯಿರುವುದು ಕೂಡ ಸಂಭವವನ್ನು ಹೆಚ್ಚಿಸುತ್ತವೆ. ಸಕ್ಕರೆ, ಬೆಲ್ಲ ತಿಂದದ್ದರಿಂದ ಬರುವುದಿಲ್ಲ. ದೃಷ್ಟಿ ತಾಗಿದ್ದರಿಂದಲೂ ಅಲ್ಲ. ತಾಯಿತ ಕಟ್ಟಿಸಿದ್ದರೆ ನಾನು ಬಿಚ್ಚಿಸುವುದಿಲ್ಲ, ಆದರೆ ಬರೆ ಹಾಕಿಸಲು ಮಾತ್ರ ಯಾರ ಮಾತೂ ಕೇಳಬೇಡಿ.

ತುಂಟ ಮಕ್ಕಳೆಲ್ಲ ರೋಗಿಗಳಲ್ಲ. ಈ ತೊಂದರೆ ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದ ಒಳಗೇ ಶುರುವಾಗಿರಬೇಕು, ಆರು ತಿಂಗಳಿಗಿಂತ ಹೆಚ್ಚು ಇರಬೇಕು, ಮನೆಯಲ್ಲಿಯೂ ಶಾಲೆಯಲ್ಲಿಯೂ ಕಾಣಬೇಕು, ಓದಿಗೋ ಗೆಳೆತನಕ್ಕೋ ತೊಡಕಾಗಿರಬೇಕು. ಶಾಲೆಯಲ್ಲಿ ಮಾತ್ರ ಇದ್ದರೆ ಶಾಲೆಯಲ್ಲಿ ಏನು ನಡೆದಿದೆ ನೋಡಬೇಕು. ಮನೆಯಲ್ಲಿ ಮಾತ್ರ ಇದ್ದರೆ ಮನೆಯ ಗಲಾಟೆ, ಕುಡಿತ ಕಾರಣವಿರಬಹುದು.

ಇದನ್ನು ಪತ್ತೆ ಹಚ್ಚುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ತಲೆಯ ಎಂ.ಆರ್.ಐ. ಮಾಡಿಸಲು ಯಾರೂ ಸಾಲ ಮಾಡಬೇಡಿ. ತಂದೆ ತಾಯಿ ಮತ್ತು ಗುರುಗಳು ಹೇಳುವ ವಿವರವೇ ದೊಡ್ಡ ಪರೀಕ್ಷೆ. ಆದರೆ ಕಣ್ಣು ಮತ್ತು ಕಿವಿಯ ತಪಾಸಣೆ ಖಂಡಿತ ಆಗಬೇಕು. ಹಲಗೆಯ ಮೇಲಿನ ಅಕ್ಷರ ಕಾಣದ ಮಗು ಪಕ್ಕದವನ ಜೊತೆ ಮಾತಾಡದೆ ಇನ್ನೇನು ಮಾಡೀತು? ರಕ್ತಹೀನತೆ, ಥೈರಾಯ್ಡ್, ಗೊರಕೆಯಿಂದ ನಿದ್ದೆ ಕೆಡುವುದು ಕೂಡ ಇದೇ ರೂಪದಲ್ಲಿ ಬರಬಹುದು. ಕೆಲವು ಸೆಕೆಂಡು ಕಣ್ಣು ನೆಟ್ಟು ಮಂಕಾಗಿ, ಕರೆದರೂ ಓಗೊಡದೆ, ಮತ್ತೆ ಏನೂ ಆಗದವರಂತೆ ಇರುವ ಮಕ್ಕಳಲ್ಲಿ ಅದು ಒಂದು ಬಗೆಯ ಮೂರ್ಛೆರೋಗವಿರಬಹುದು, ಅದಕ್ಕೆ ಬೇರೆ ಔಷಧ. ಹಾಗೆಯೇ ಓದು ಬರಹ ಮಾತ್ರ ಹತ್ತದ ಕಲಿಕೆಯ ನ್ಯೂನತೆ ಇದರ ಜೊತೆಗೇ ಇರುವುದುಂಟು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅವರಲ್ಲಿ ಅನೇಕರು ಓಡಾಡುವುದಿಲ್ಲ, ಗದ್ದಲ ಮಾಡುವುದಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಾರೆ. ಹೇಳಿದ್ದು ತಲೆಗೆ ಹೋಗುವುದಿಲ್ಲ, ಪೆನ್ಸಿಲು, ಛತ್ರಿ, ಊಟದ ಡಬ್ಬಿ ದಿನಕ್ಕೊಂದು ಕಳೆಯುತ್ತದೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ಆಸ್ಪತ್ರೆಗೆ ಕರೆತರುವುದಿಲ್ಲ. "ದಡ್ಡಿ, ಸಾಲಿ ಬಿಡಿಸಿ ಮದುವೆ ಮಾಡಿದರಾಯ್ತು" ಎಂಬಲ್ಲಿಗೆ ಮುಗಿದುಹೋಗುತ್ತದೆ. ಬಿಡಿಸುವ ಮೊದಲು ಒಮ್ಮೆ ತೋರಿಸಿ.

ಚಿಕಿತ್ಸೆಗೆ ಬರೋಣ. ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ಮಾತ್ರೆ ಕೊಡುವುದಿಲ್ಲ, ತಂದೆ ತಾಯಿಗೆ ತರಬೇತಿ ಕೊಡುತ್ತೇವೆ. ಅದರಲ್ಲಿ ಗುಟ್ಟೇನಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪುಸ್ತಕ ತಗೊಂಡು ಬಾ" ಎಂದರೆ ಮೊದಲನೆಯದರಲ್ಲೇ ಮಗು ಕಳೆದುಹೋಗುತ್ತದೆ. ದೂರದಿಂದ ಕೂಗದೆ ಹತ್ತಿರ ಹೋಗಿ, ಮುಖ ನೋಡಿ ಹೇಳಿ. ಮಾಡಿದ ತಕ್ಷಣ "ಶಹಬ್ಬಾಸ್" ಅನ್ನಿ. ಜಾತ್ರೆಗೆ ಸೈಕಲ್ ಕೊಡಿಸುತ್ತೇನೆ ಎಂಬ ಆಸೆ ಈ ಮಕ್ಕಳಿಗೆ ತಲುಪುವುದಿಲ್ಲ, ಈಗಲೇ ಕೊಡುವ ಒಂದು ಹಿಡಿ ಶೇಂಗಾ ತಲುಪುತ್ತದೆ. ಓದನ್ನು ಹದಿನೈದು ನಿಮಿಷಕ್ಕೊಮ್ಮೆ ಒಡೆದು, ನಡುವೆ ಎದ್ದು ಒಂದು ಕೊಡ ನೀರು ತರಲು ಬಿಡಿ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸಲು ಗುರುಗಳನ್ನು ಕೇಳಿಕೊಳ್ಳಿ. ಹೊಡೆತದಿಂದ ಮಗು ಹತ್ತು ನಿಮಿಷ ಸುಮ್ಮನಾಗುತ್ತದೆ, ಅದು ಭಯದಿಂದ. ಒಡ್ಡು ಅದರಿಂದ ಗಟ್ಟಿಯಾಗುವುದಿಲ್ಲ.

ದೊಡ್ಡ ಮಕ್ಕಳಿಗೆ, ತೊಂದರೆ ಹೆಚ್ಚಿದ್ದಾಗ, ಮಾತ್ರೆ ಬೇಕಾಗುತ್ತದೆ. "ತಲೆಯ ಮಾತ್ರೆ" ಎಂದ ಕೂಡಲೇ ಅಜ್ಜಿಯರು ಹೆದರುತ್ತಾರೆ. ಮುಖ್ಯವಾದ ಔಷಧ ಮಿಥೈಲ್ ಫೆನಿಡೇಟ್. ಅದನ್ನು 1944ರಲ್ಲಿ ಮೊದಲು ತಯಾರಿಸಿದರು, 1950ರ ದಶಕದಿಂದ ಬಳಕೆಯಲ್ಲಿದೆ. ಇದು ಮಂಪರು ಬರಿಸಿ ಮಲಗಿಸುವ ಮಾತ್ರೆಯಲ್ಲ, ಚುರುಕುಗೊಳಿಸುವ ಮಾತ್ರೆ. ಚುರುಕಿನ ಮಗುವಿಗೆ ಇನ್ನೂ ಚುರುಕೇ ಎಂದು ಕೇಳಬಹುದು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿಗೂ ಇದೇ ಆಶ್ಚರ್ಯವಾಗಿತ್ತು. ಮಕ್ಕಳ ತಲೆನೋವಿಗೆಂದು ಅವರು ಇದೇ ಬಗೆಯ ಔಷಧ ಕೊಟ್ಟರೆ ಮಕ್ಕಳು ಶಾಂತವಾಗಿ ಕೂತು ಪಾಠ ಮಾಡತೊಡಗಿದರು. ಚುರುಕಾಗುವುದು ತಡೆಯುವ ಭಾಗ, ಆದ್ದರಿಂದ ಮಗು ನಿಲ್ಲುತ್ತದೆ. ಹತ್ತರಲ್ಲಿ ಸುಮಾರು ಏಳು ಮಕ್ಕಳಿಗೆ ಇದು ಗುಣ ಕೊಡುತ್ತದೆ.

ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ತಾಸು. ಹಸಿವು ಕಡಿಮೆಯಾಗುವುದು ಇದರ ಮುಖ್ಯ ತೊಂದರೆ. ಆದ್ದರಿಂದ ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿ ಮಾತ್ರೆ ಕೊಡಿ. ಮಧ್ಯಾಹ್ನ ಉಣ್ಣದಿದ್ದರೆ ಗದರಿಸದೆ ಸಂಜೆ ಹಸಿವಾದಾಗ ಚೆನ್ನಾಗಿ ಉಣಿಸಿ. ಸಂಜೆ ಮಾತ್ರೆ ಕೊಟ್ಟರೆ ನಿದ್ದೆ ಕೆಡುತ್ತದೆ. ಪ್ರತಿ ಭೇಟಿಯಲ್ಲಿ ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುತ್ತೇವೆ, ಅದಕ್ಕೇ ತಪ್ಪದೆ ಕರೆಯುವುದು. ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡವರಿದ್ದರೆ ಮುಚ್ಚಿಡದೆ ಹೇಳಿ. ಇದು ಹಿಡಿಸದವರಿಗೆ ಅಟೊಮಾಕ್ಸೆಟಿನ್, ಕ್ಲೊನಿಡಿನ್ ಇವೆ. ಅಟೊಮಾಕ್ಸೆಟಿನ್ ಗುಣ ಕಾಣಲು ಕೆಲವು ವಾರ ಬೇಕು, ಒಂದು ವಾರಕ್ಕೇ ಬಿಟ್ಟುಬಿಡಬೇಡಿ. ಅದನ್ನು ಕೊಡುವಾಗ ಮಗು ತೀರ ಮಂಕಾದರೆ, ಸಾಯುವ ಮಾತಾಡಿದರೆ, ಕಣ್ಣು ಹಳದಿಯಾದರೆ ಅದೇ ದಿನ ಕರೆತನ್ನಿ. ಕ್ಲೊನಿಡಿನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ. ಒಬ್ಬ ಮಗುವಿನ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಲೇಬೇಡಿ.

ಇಷ್ಟಲಿಂಗ ಪೂಜೆ, ಧ್ಯಾನ ಮಾಡಿಸಿದರೆ ಸಾಕಲ್ಲವೇ ಎಂದು ಭಕ್ತರು ಕೇಳುತ್ತಾರೆ. ಮಾಡಿಸಿ. ದಿನವೂ ಅದೇ ಹೊತ್ತಿಗೆ ಏಳುವುದು, ಸ್ನಾನ, ಪೂಜೆ ಎಂಬ ಕ್ರಮ ಈ ಮಕ್ಕಳಿಗೆ ಬಹಳ ಒಳ್ಳೆಯದು. ಆದರೆ ಐದು ನಿಮಿಷದಿಂದ ಶುರು ಮಾಡಿ, ಮಾತ್ರೆಯ ಬದಲಿಗೆ ಎಂದು ತಿಳಿಯಬೇಡಿ. ಪೂಜೆಗೆ ಕೂರಲಿಲ್ಲವೆಂದು ಹೊಡೆದರೆ ಮಗುವಿಗೆ ಪೂಜೆಯೇ ಬೇಡವಾಗುತ್ತದೆ. ಪ್ರಸಾದ ನಿಲಯಗಳ ವಾರ್ಡನ್‌ರಿಗೂ ಒಂದು ವಿನಂತಿ. ಮನೆಯಲ್ಲಿ ತಾಯಿ ಹೆಜ್ಜೆ ಹೆಜ್ಜೆಗೂ ನೆನಪಿಸುತ್ತಿರುವವರೆಗೆ ಸರಿಯಿದ್ದ ಹುಡುಗ ನಿಲಯಕ್ಕೆ ಬಂದ ವರ್ಷವೇ ಹಿಂದೆ ಬೀಳುವುದುಂಟು. ಅವನನ್ನು ಮನೆಗೆ ಕಳಿಸುವ ಮೊದಲು ನಮ್ಮಲ್ಲಿಗೆ ಕಳಿಸಿ.

ಇನ್ನು ದೊಡ್ಡವರು. ಮಗನ ಲಕ್ಷಣ ಕೇಳುತ್ತ ಕೂತ ತಂದೆ ನಡುವೆ ಮೆಲ್ಲಗೆ, "ನಂದೂ ಹಿಂಗೇ ಐತಲ್ರೀ" ಅನ್ನುವುದು ನಮಗೆ ಹೊಸದಲ್ಲ. ವಂಶದಲ್ಲಿ ಬರುವ ತೊಂದರೆಯಲ್ಲವೇ! ವಯಸ್ಸಾದಂತೆ ಓಡಾಟ ನಿಲ್ಲುತ್ತದೆ, ಒಳಗಿನ ಚಡಪಡಿಕೆ ನಿಲ್ಲುವುದಿಲ್ಲ. ಕೆಲಸ ಹಿಡಿದಿದ್ದು ಆರು ತಿಂಗಳಿಗೆ ಬಿಡುವುದು, ಅಂಗಡಿ ಹಾಕಿ ಲೆಕ್ಕ ಬರೆಯದಿರುವುದು, ಕಂತು ಕಟ್ಟಲು ಮರೆತು ಬಡ್ಡಿ ಏರಿಸಿಕೊಳ್ಳುವುದು, ಮಾತು ಮುಗಿಯುವ ಮೊದಲೇ ಸಿಟ್ಟು. ವಾಹನ ಅಪಘಾತ, ತಂಬಾಕಿನ ಚಟ ಇವರಲ್ಲಿ ಹೆಚ್ಚು. ನೂರು ದೊಡ್ಡವರಲ್ಲಿ ಎರಡು ಮೂರು ಮಂದಿಗೆ ಇದು ಉಳಿದಿರುತ್ತದೆ. ಬೇಜವಾಬ್ದಾರಿ ಎಂಬ ಹೆಸರು ಹೊತ್ತು ನಲವತ್ತು ವರ್ಷ ಕಳೆದವರಿಗೆ ಇದಕ್ಕೊಂದು ಹೆಸರಿದೆ, ಔಷಧವಿದೆ ಎಂದು ತಿಳಿದಾಗ ಕೆಲವರು ಅತ್ತದ್ದನ್ನು ಕಂಡಿದ್ದೇನೆ. ಆದರೆ ನಲವತ್ತಕ್ಕೆ ಹೊಸದಾಗಿ ಶುರುವಾದ ಮರೆವು ಇದಲ್ಲ. ಅದಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆ, ಕುಡಿತ ಇವನ್ನು ನೋಡಬೇಕು. ಚಿಕ್ಕಂದಿನಲ್ಲಿ ಹೇಗಿದ್ದಿರಿ ಎಂದು ನಿಮ್ಮ ತಾಯಿಯನ್ನೇ ಕೇಳಬೇಕಾಗುತ್ತದೆ, ಸಾಧ್ಯವಾದರೆ ಅವರನ್ನೂ ಕರೆತನ್ನಿ.

ಬರುವಾಗ ಮಗುವಿನ ಎರಡು ಮೂರು ವರ್ಷದ ಅಂಕಪಟ್ಟಿ, ಒಂದೆರಡು ನೋಟ್ ಪುಸ್ತಕ, ತರಗತಿಯ ಗುರುಗಳು ಬರೆದ ನಾಲ್ಕು ಸಾಲಿನ ಚೀಟಿ, ಹಿಂದೆ ಕೊಟ್ಟ ಔಷಧದ ಚೀಟಿ ಇವಿಷ್ಟು ಇರಲಿ. ತಂದೆ ತಾಯಿ ಇಬ್ಬರೂ ಬಂದರೆ ಒಳ್ಳೆಯದು. ಹೆಚ್ಚಿನ ತಪಾಸಣೆ ಬೇಕಾದವರನ್ನು ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಕೊಟ್ಟು ಕಳಿಸುತ್ತೇವೆ. ದೂರದ ಊರಿನವರು 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ.