ಬಾಗಿಲಿನಿಂದ ಸದನದೊಳಕ್ಕೆ 111 ವರ್ಷ

(ಉಪನ್ಯಾಸವೊಂದರ ಬರಹರೂಪ)



1887ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ನಿಸ್ಗಾ ಬುಡಕಟ್ಟಿನ ಮುಖಂಡರು ನಾಸ್ ನದಿಯ ಕಣಿವೆಯಿಂದ ಹೊರಟು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾ ತಲುಪಿದರು. ನೆಲದ ಮೇಲಿನ ತಮ್ಮ ಹಕ್ಕನ್ನು ಒಪ್ಪಿ ಕರಾರು ಮಾಡಿಕೊಳ್ಳಿ ಎಂಬುದು ಅವರ ಬೇಡಿಕೆ. ಸರಕಾರ ಅವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿತು. 111 ವರ್ಷಗಳ ನಂತರ, 1998ರ ಡಿಸೆಂಬರ್ 2ರಂದು, ಅದೇ ಪ್ರಾಂತ್ಯದ ಶಾಸನಸಭೆಯನ್ನು ಉದ್ದೇಶಿಸಿ ನಿಸ್ಗಾ ಮುಖಂಡರೊಬ್ಬರು ಮಾತನಾಡಿದರು. ಅವರೇ ಜೋಸೆಫ್ ಗಾಸ್ನೆಲ್.

1936ರಲ್ಲಿ ಹುಟ್ಟಿದ ಗಾಸ್ನೆಲ್ ವೃತ್ತಿಯಿಂದ ಮೀನುಗಾರರು. ಹದ್ದಿನ ಕುಲದಲ್ಲಿ ಅವರಿಗೆ ಬಂದ ಹೆಸರು 'ಸಿಮೋಗಿತ್ ಹ್ಲೀಕ್'. 'ಸಿಮೋಗಿತ್' ಎಂದರೆ ಕುಲದ ನಾಯಕ. ನಿಸ್ಗಾ ಜನರಲ್ಲಿ ಕುಲವೂ ಹೆಸರೂ ತಾಯಿಯ ಕಡೆಯಿಂದ ಬರುತ್ತವೆ. ನಮ್ಮ ಕರಾವಳಿಯ ಅಳಿಯಕಟ್ಟನ್ನು ಬಲ್ಲವರಿಗೆ ಇದು ತೀರಾ ಅಪರಿಚಿತವಲ್ಲ. ಇಂಥ ಹೆಸರನ್ನು 'ಪಾಟ್‌ಲ್ಯಾಚ್' ಎಂಬ ಔತಣದಲ್ಲಿ ಎಲ್ಲರೆದುರು ಕೊಡುವುದು ವಾಡಿಕೆ. ಹೆಸರಿನ ಜೊತೆಗೇ ನೆಲ, ಹೊಳೆಗಳ ಹೊಣೆಯೂ ಹೆಗಲೇರುತ್ತದೆ. ಆ ಔತಣವನ್ನೇ ಕೆನಡಾದ ಕಾನೂನು 1885ರಿಂದ 1951ರವರೆಗೆ ನಿಷೇಧಿಸಿತ್ತು. 1927ರಲ್ಲಿ ನೆಲದ ಹಕ್ಕಿನ ಮೊಕದ್ದಮೆಗೆ ಹಣ ಕೂಡಿಸುವುದೂ ಅಪರಾಧವಾಯಿತು.

ನಿಷೇಧ ತೆರವಾದ ಮೇಲೆ ಫ್ರಾಂಕ್ ಕಾಲ್ಡರ್ 1955ರಲ್ಲಿ ನಿಸ್ಗಾ ಬುಡಕಟ್ಟು ಮಂಡಳಿಯನ್ನು ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರು. 1973ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಮೂಲನಿವಾಸಿಗಳ ಭೂಹಕ್ಕು ಇತ್ತೆಂದು ಒಪ್ಪಿದರು. ಅದು ಇನ್ನೂ ಉಳಿದಿದೆಯೇ ಎಂಬಲ್ಲಿ ಆ ಆರು ಮಂದಿ ಸಮನಾಗಿ ಒಡೆದರು. ಏಳನೆಯವರು ತಾಂತ್ರಿಕ ಕಾರಣ ನೀಡಿದರು. ಮೊಕದ್ದಮೆ ಸೋತಿತು, ವಾದ ಗೆದ್ದಿತು. 1976ರಲ್ಲಿ ಕೇಂದ್ರ ಸರಕಾರ ಮಾತುಕತೆಗೆ ಕುಳಿತರೆ, ಪ್ರಾಂತ್ಯ ಸರಕಾರ 1990ರಲ್ಲಷ್ಟೇ ಬಂದಿತು.

1992ರಲ್ಲಿ ಮಂಡಳಿಯ ಅಧ್ಯಕ್ಷರಾದ ಗಾಸ್ನೆಲ್ ಆ ಮಾತುಕತೆಯನ್ನು ದಡ ಮುಟ್ಟಿಸಿದರು. ಕೆನಡಾದ ಸಂಸತ್ತಿನಲ್ಲಿ ವಿರೋಧ ಪಕ್ಷ ನೂರಾರು ತಿದ್ದುಪಡಿಗಳನ್ನು ತಂದು ಹಗಲಿರುಳು ಮತದಾನ ನಡೆಯುವಂತೆ ಮಾಡಿದರೂ ಒಪ್ಪಂದ 2000ದ ಮೇ 11ರಂದು ಜಾರಿಗೆ ಬಂತು. ಸುಮಾರು 2,000 ಚದರ ಕಿಲೋಮೀಟರ್ ನೆಲ, ಸುಮಾರು 19 ಕೋಟಿ ಕೆನಡಾ ಡಾಲರ್, ಸಾಲ್ಮನ್ ಮೀನಿನಲ್ಲಿ ಪಾಲು, ಕಾನೂನು ಮಾಡುವ ಅಧಿಕಾರ ನಿಸ್ಗಾ ಜನರಿಗೆ ಸಿಕ್ಕವು. ಹೊಸ ನಿಸ್ಗಾ ಸರಕಾರದ ಮೊದಲ ಅಧ್ಯಕ್ಷರೂ ಗಾಸ್ನೆಲ್ ಅವರೇ. ಚುನಾಯಿತರ ಜೊತೆಗೆ ಹಿರಿಯರ ಮಂಡಳಿಯೂ ಅಲ್ಲಿ ಉಂಟು. ಸಂಪ್ರದಾಯದ ಕಾನೂನಿನ ಬಗ್ಗೆ ಸಲಹೆ ನೀಡುವುದು ಅದರ ಕೆಲಸ.

ಕೊಟ್ಟದ್ದೂ ಕಡಿಮೆಯಲ್ಲ. ಸಿಕ್ಕ ನೆಲ ಅವರು ಕೇಳಿದ್ದರ ಹತ್ತನೆಯ ಒಂದು ಪಾಲಿಗೂ ಕಡಿಮೆ. ಹಿಂದೆ ಇದ್ದ ತೆರಿಗೆ ವಿನಾಯಿತಿಯನ್ನೂ ಹಂತಹಂತವಾಗಿ ಬಿಡಬೇಕಾಯಿತು. ಹೊರಗಿನವರು ಇದು ಅತಿಯಾಯಿತು ಎಂದರು. ಒಳಗಿನ ಕೆಲವರು ಸಾಲದು ಎಂದರು. ನಿಸ್ಗಾ ಜನರ ಇನ್ನೊಬ್ಬ ವಂಶಪಾರಂಪರ್ಯ ನಾಯಕರೇ ಒಪ್ಪಂದದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು.

ಹಾಗಾದರೆ ಗಾಸ್ನೆಲ್ ಗೆದ್ದರೋ, ಸೋತರೋ? ಇದು ರಾಜಿಯೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹಿರಿಯರು ಕೇಳಿಯೇ ಕಣ್ಮುಚ್ಚಿದರು. ಇವರು ಒಂದಷ್ಟನ್ನು ಬಿಟ್ಟು ಒಂದಷ್ಟನ್ನು ಕೈಗೆ ತಂದರು. 2020ರಲ್ಲಿ ಗಾಸ್ನೆಲ್ ತೀರಿಕೊಂಡಾಗ ನಾಸ್ ಕಣಿವೆಯ ಕಾನೂನುಗಳನ್ನು ಅಲ್ಲಿನ ಜನರೇ ಬರೆಯತೊಡಗಿ 20 ವರ್ಷಗಳಾಗಿದ್ದವು. ಬಿಟ್ಟದ್ದರ ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.