ಬೀಜವೂ ಉಸಿರಾಡುತ್ತದೆ

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನನ್ನು ನೋಡಿ ಬರುವವರು ಈ ಸೀಮೆಯ ರಾಗಿಹೊಲ, ಹಿಪ್ಪುನೇರಳೆ ತೋಟಗಳನ್ನೂ ಒಮ್ಮೆ ನೋಡಬೇಕು. ಆ ಹೊಲದಲ್ಲಿ ಮೊಳೆಯುವ ಬೀಜ ನಮ್ಮಂತೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮಳೆನೀರು ನಿಂತರೆ ಬೀಜ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಣ್ಣೊಳಗೇ ತುಂಬಿಕೊಂಡು, ಆಮ್ಲಜನಕ ಸಿಗದೆ, ಮೊಳಕೆ ಕಮರುತ್ತದೆ. ಹಸಿರೆಲೆ ಮೂಡಿದ ಮೇಲೆ ಅದೇ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ ಆಹಾರ.

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲಿತ್ತು. ಈಗ 420 ದಾಟಿದೆ. ಹಾಗಾದರೆ ಬೆಳೆಗೆ ಸುಗ್ಗಿಯೇ? ಪೂರ್ತಿ ಅಲ್ಲ. ರಾಗಿ ಆ ಅನಿಲವನ್ನು ಎಲೆಯೊಳಗೇ ಒಟ್ಟುಮಾಡಿಕೊಳ್ಳಬಲ್ಲ ಜಾಣ ಬೆಳೆ. ಹೆಚ್ಚಾದದ್ದರಿಂದ ಅದಕ್ಕೆ ಲಾಭ ಕಡಿಮೆ. ಹಿಪ್ಪುನೇರಳೆ ಸೊಂಪಾಗಬಹುದು, ಆದರೆ ಅಂಥ ಎಲೆಯಲ್ಲಿ ಪ್ರೋಟೀನು ತಗ್ಗುವ ಸಂಭವವಿದೆ. ರೇಷ್ಮೆಹುಳು ನೂಲು ತೆಗೆಯುವುದು ಆ ಪ್ರೋಟೀನಿನಿಂದಲೇ.

ಬಿತ್ತಿದ ಹೊಲದಲ್ಲಿ ನೀರು ನಿಂತಿದ್ದರೆ, ಮೊಳಕೆ ಉಸಿರಾಡಲು ಇವತ್ತೇ ಬಸಿಗಾಲುವೆ ತೆಗೆಯಿರಿ.